ಹ್ಯೂ ಕ್ಲೆಗ್‌ಹಾರ್ನ್

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್ (9 ಆಗಸ್ಟ್ 1820 – 16 ಮೇ 1895) ಸ್ಕಾಟ್ಲೆಂಡ್ ಮೂಲದ ವೈದ್ಯ, ಸಸ್ಯವಿಜ್ಞಾನಿ ಹಾಗೂ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ. ವೃತ್ತಿಜೀವನದ ಆರಂಭದ ಕೆಲವು ವರ್ಷಗಳನ್ನು ಅವರು ಶಿವಮೊಗ್ಗದಲ್ಲಿ ಕಳೆದರು. ಬೆಟ್ಟದ ಇಳಿಜಾರಿನಲ್ಲಿ ಕಾಡು ನಾಶವಾದರೆ ಮಣ್ಣು, ನೀರಿನ ಸೆಲೆ ಮತ್ತು ಬಯಲಿನ ಬೇಸಾಯಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸರ್ಕಾರದ ಮುಂದೆ ಕ್ರಮಬದ್ಧವಾಗಿ ಇಟ್ಟವರಲ್ಲಿ ಇವರು ಪ್ರಮುಖರು. ಭಾರತದ ಅರಣ್ಯಾಡಳಿತಕ್ಕೆ ಅಡಿಪಾಯ ಹಾಕಿದವರ ಸಾಲಿನಲ್ಲಿ ಇವರ ಹೆಸರನ್ನು ಡೀಟ್ರಿಚ್ ಬ್ರಾಂಡಿಸ್ ಅವರ ಹೆಸರಿನೊಂದಿಗೆ ಹೇಳಲಾಗುತ್ತದೆ. ಅದೇ ವೇಳೆಗೆ, ಮಲೆನಾಡಿನ ಕುಮರಿ ಬೇಸಾಯಗಾರರ ಬದುಕಿಗೆ ಕುತ್ತು ತಂದ ನೀತಿಯೊಂದಿಗೂ ಇವರ ಹೆಸರು ಸೇರಿಕೊಂಡಿದೆ.

ಬಾಲ್ಯ ಮತ್ತು ಶಿಕ್ಷಣ

ಕ್ಲೆಗ್‌ಹಾರ್ನ್ ಅವರು ಹುಟ್ಟಿದ್ದು ಮದರಾಸಿನಲ್ಲಿ. ಅವರ ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದರು. ಅಂದಿನ ರೂಢಿಯಂತೆ ಬಾಲಕನನ್ನು ಎಳೆಯ ವಯಸ್ಸಿನಲ್ಲಿಯೇ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಫೈಫ್ ಪ್ರಾಂತ್ಯದ ಸ್ಟ್ರಾವಿಥಿ ಎಂಬಲ್ಲಿ ಅಜ್ಜನ ಜಮೀನಿನಲ್ಲಿ ಅವರು ಬೆಳೆದರು. ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್. ಅವರು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. 1795–96ರಲ್ಲಿ ಸಿಂಹಳವು ಡಚ್ಚರಿಂದ ಬ್ರಿಟಿಷರ ವಶಕ್ಕೆ ಬರುವಲ್ಲಿ ತೆರೆಮರೆಯ ಪಾತ್ರ ವಹಿಸಿದವರು. ಹೊಲ, ತೋಪು, ಬೇಲಿಗಳ ಆರೈಕೆಯ ನಡುವೆ ಬೆಳೆದ ಮೊಮ್ಮಗನಿಗೆ ಭೂಮಿಯ ಮೇಲಿನ ಆಸಕ್ತಿ ಅಲ್ಲಿಯೇ ಮೊಳೆಯಿತು.

ಎಡಿನ್‌ಬರೋ ಹಾಗೂ ಸೇಂಟ್ ಆಂಡ್ರೂಸ್‌ನಲ್ಲಿ ವ್ಯಾಸಂಗ ಮಾಡಿದ ಕ್ಲೆಗ್‌ಹಾರ್ನ್, ಎಡಿನ್‌ಬರೋ ವಿಶ್ವವಿದ್ಯಾಲಯದಿಂದ 1841ರಲ್ಲಿ ವೈದ್ಯಕೀಯ ಪದವಿ ಪಡೆದರು. ಔಷಧಗಳಲ್ಲಿ ಬಹುಪಾಲು ಗಿಡಮೂಲಿಕೆಗಳಿಂದ ತಯಾರಾಗುತ್ತಿದ್ದ ಆ ಕಾಲದಲ್ಲಿ ಸಸ್ಯಶಾಸ್ತ್ರವು ವೈದ್ಯಕೀಯ ಶಿಕ್ಷಣದ ಅವಿಭಾಜ್ಯ ಅಂಗವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಭಾರತಕ್ಕೆ ಬಂದ ಅನೇಕ ವೈದ್ಯರು ಸಸ್ಯವಿಜ್ಞಾನಿಗಳಾಗಿ ಹೆಸರು ಮಾಡಲು ಇದೇ ಕಾರಣ. ಕ್ಲೆಗ್‌ಹಾರ್ನ್ ಅವರು 1842ರಲ್ಲಿ ಸಹಾಯಕ ಶಸ್ತ್ರವೈದ್ಯರಾಗಿ ಮದರಾಸಿನ ವೈದ್ಯಕೀಯ ಸೇವೆಯನ್ನು ಸೇರಿದರು.

ಶಿವಮೊಗ್ಗದ ವರ್ಷಗಳು

ಮದರಾಸಿನಲ್ಲಿ ಕೆಲಕಾಲ ಆಸ್ಪತ್ರೆಯ ಕೆಲಸ ಮಾಡಿದ ಬಳಿಕ, 1845ರ ಸುಮಾರಿಗೆ ಕ್ಲೆಗ್‌ಹಾರ್ನ್ ಅವರು ಮೈಸೂರು ಸಂಸ್ಥಾನಕ್ಕೆ ನಿಯುಕ್ತರಾದರು. ಆಗ ಸಂಸ್ಥಾನದ ಆಡಳಿತವು ಕಮಿಷನರ್ ಮಾರ್ಕ್ ಕಬ್ಬನ್ ಅವರ ಕೈಯಲ್ಲಿತ್ತು. ಕ್ಲೆಗ್‌ಹಾರ್ನ್ ಅವರಿಗೆ ದೊರೆತ ಸ್ಥಳ, ನಗರ ವಿಭಾಗದ ಕೇಂದ್ರವಾಗಿದ್ದ ಶಿವಮೊಗ್ಗ. ಪಶ್ಚಿಮಕ್ಕೆ ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡು, ನಡುವೆ ತೇಗ ಮತ್ತು ಗಂಧದ ಮರಗಳ ಎಲೆ ಉದುರಿಸುವ ಕಾಡು, ಪೂರ್ವಕ್ಕೆ ಬಯಲುಸೀಮೆ. ಮಳೆಯ ಪ್ರಮಾಣ ಇಳಿಯುತ್ತಾ ಹೋದಂತೆ ಗಿಡಮರಗಳೂ ಮಣ್ಣಿನ ಬಣ್ಣವೂ ಹೇಗೆ ಬದಲಾಗುತ್ತವೆ ಎಂಬುದನ್ನು ಒಂದೆರಡು ದಿನದ ಕುದುರೆ ಪ್ರಯಾಣದಲ್ಲಿಯೇ ಕಾಣಬಹುದಾದ ಸೀಮೆ ಇದು.

ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಾದರೂ ಅಭ್ಯಾಸ ಮಾಡಬೇಕು ಎಂಬ ಸಲಹೆಯನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಲಿಯಂ ಹೂಕರ್ ಅವರು ನೀಡಿದ್ದರು. ಕ್ಲೆಗ್‌ಹಾರ್ನ್ ಅದನ್ನು ನಿಷ್ಠೆಯಿಂದ ಪಾಲಿಸಿದರು. ಶಿವಮೊಗ್ಗದಲ್ಲಿ ಮರಾಠಿ ಚಿತ್ರಕಾರರೊಬ್ಬರನ್ನು ನೇಮಿಸಿಕೊಂಡು ಸುತ್ತಲಿನ ಗಿಡಗಳ ಚಿತ್ರಗಳನ್ನು ಬರೆಯಿಸಿದರು. ಆ ಚಿತ್ರಕಾರನ ಹೆಸರು ಉಳಿದುಬಂದಿಲ್ಲ. ಚಿತ್ರಗಳು ಮಾತ್ರ ಎಡಿನ್‌ಬರೋದ ರಾಯಲ್ ಸಸ್ಯೋದ್ಯಾನದ ಸಂಗ್ರಹದಲ್ಲಿ ಇಂದಿಗೂ ಇವೆ. ಮುಂದೆ ಮದರಾಸಿನಲ್ಲಿ ಗೋವಿಂದು ಎಂಬ ಚಿತ್ರಕಾರರು ಈ ಕೆಲಸವನ್ನು ಮುಂದುವರಿಸಿದರು. ಕಾಡಿನ ದೊಡ್ಡ ಮರಗಳ ಜೊತೆಗೆ ದಾರಿಬದಿಯ ಕಳೆ, ಹೊಲದ ಬದುವಿನ ಗಿಡ, ಬೇಲಿಯ ಬಳ್ಳಿಗಳೂ ಈ ಸಂಗ್ರಹದಲ್ಲಿ ಸೇರಿವೆ.

ಮಲೆನಾಡಿನ ಜ್ವರ ಅವರನ್ನು ಬಿಡಲಿಲ್ಲ. ಆರೋಗ್ಯ ಹದಗೆಟ್ಟು 1848ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಮರಳಿದರು.

1851ರ ವರದಿ

1850ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ವಾರ್ಷಿಕ ಅಧಿವೇಶನವು ಎಡಿನ್‌ಬರೋದಲ್ಲಿ ಸೇರಿತು. ಉಷ್ಣವಲಯದ ಕಾಡುಗಳ ನಾಶದಿಂದ ಆರ್ಥಿಕವಾಗಿ ಮತ್ತು ಭೌತಿಕವಾಗಿ ಆಗಬಹುದಾದ ಪರಿಣಾಮಗಳನ್ನು ಪರಿಶೀಲಿಸಲು ಅಲ್ಲಿ ಒಂದು ಸಮಿತಿಯನ್ನು ರಚಿಸಲಾಯಿತು. ಕ್ಲೆಗ್‌ಹಾರ್ನ್ ಅವರೊಂದಿಗೆ ಜಾನ್ ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್ ಮತ್ತು ರಿಚರ್ಡ್ ಸ್ಟ್ರೇಚಿ ಇದರ ಸದಸ್ಯರಾಗಿದ್ದರು. ಮರುವರ್ಷ ಇಪ್ಸ್‌ವಿಚ್ ಅಧಿವೇಶನದಲ್ಲಿ ವರದಿ ಮಂಡನೆಯಾಯಿತು.

ಕಾಡು ಕಡಿದರೆ ಮಳೆ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆ ಆ ಕಾಲದ ವಿದ್ವಾಂಸರಲ್ಲಿ ಬಿರುಸಿನ ಚರ್ಚೆಗೆ ಒಳಗಾಗಿತ್ತು. ಮದರಾಸಿನ ವೈದ್ಯ ಎಡ್ವರ್ಡ್ ಬಾಲ್ಫರ್ ಅವರು 1849ರಲ್ಲಿ ಮರಗಳಿಗೂ ಮಳೆಗೂ ಇರುವ ಸಂಬಂಧವನ್ನು ಕುರಿತು ಬರೆದಿದ್ದರು. ಮುಂಬಯಿ ಪ್ರಾಂತ್ಯದಲ್ಲಿ ಅಲೆಗ್ಸಾಂಡರ್ ಗಿಬ್ಸನ್ ಅವರು ಕಾಡು ಕಡಿದ ಕಡೆಗಳಲ್ಲಿ ತೊರೆಗಳು ಬತ್ತುವುದನ್ನು ಸರ್ಕಾರದ ಗಮನಕ್ಕೆ ತಂದಿದ್ದರು. ಇಂತಹ ಅನುಭವಗಳನ್ನು ಒಟ್ಟುಗೂಡಿಸಿದ ಸಮಿತಿಯು ಮಳೆಯ ವಿಚಾರದಲ್ಲಿ ಎಚ್ಚರಿಕೆಯ ನಿಲುವು ತಾಳಿತು. ಆದರೆ ಇಳಿಜಾರಿನ ಕಾಡು ಮಳೆನೀರಿನ ಓಟವನ್ನು ತಡೆದು ಮಣ್ಣಿಗೆ ಇಳಿಸುತ್ತದೆ, ಅದು ಇಲ್ಲವಾದರೆ ನೀರಿನೊಂದಿಗೆ ಮಣ್ಣೂ ಕೊಚ್ಚಿಹೋಗುತ್ತದೆ ಎಂಬ ವಿಚಾರಕ್ಕೆ ಮಹತ್ವ ನೀಡಿತು. ಕಾಡನ್ನು ಮರಮುಟ್ಟಿನ ಕಣಜವೆಂದಷ್ಟೇ ಎಣಿಸುತ್ತಿದ್ದ ಆಡಳಿತಕ್ಕೆ ಇದು ಹೊಸ ನೋಟವಾಗಿತ್ತು.

ಮದರಾಸಿನ ಪ್ರಾಧ್ಯಾಪಕ

ರಜೆ ಮುಗಿಸಿ ಮರಳಿದ ಕ್ಲೆಗ್‌ಹಾರ್ನ್ ಅವರು 1852ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಔಷಧದ್ರವ್ಯಗಳ ಪ್ರಾಧ್ಯಾಪಕರಾದರು. ಮದರಾಸಿನ ಕೃಷಿ-ತೋಟಗಾರಿಕಾ ಸಂಘದ ಕಾರ್ಯದರ್ಶಿಯಾಗಿ ಅದರ ಉದ್ಯಾನವನ್ನು ಬೆಳೆಸಿ, ಅಲ್ಲಿನ ಗಿಡಗಳ ಪಟ್ಟಿಯನ್ನು 1853ರಲ್ಲಿ ಪ್ರಕಟಿಸಿದರು.

ಈ ಅವಧಿಯ ಆಸುಪಾಸಿನಲ್ಲಿ ಅವರು ಬರೆದ ಎರಡು ಲೇಖನಗಳು ಗಾತ್ರದಲ್ಲಿ ಚಿಕ್ಕವಾದರೂ ಮಣ್ಣು ಮತ್ತು ಸಸ್ಯಗಳ ಸಂಬಂಧದ ದೃಷ್ಟಿಯಿಂದ ಮುಖ್ಯವಾದವು. 1850ರಲ್ಲಿ ಪ್ರಕಟವಾದ ಮೊದಲನೆಯದು ಭಾರತದ ಬೇಲಿಗಿಡಗಳನ್ನು ಕುರಿತದ್ದು. ಕಳ್ಳಿ, ಕತ್ತಾಳೆ, ಸೀಮೆಹುಣಸೆ, ಬಿದಿರು ಮೊದಲಾದ ಗಿಡಗಳಲ್ಲಿ ಯಾವುದು ಯಾವ ನೆಲಕ್ಕೆ, ಯಾವ ಉದ್ದೇಶಕ್ಕೆ ಹೊಂದುತ್ತದೆ ಎಂಬುದನ್ನು ಅದು ವಿವೇಚಿಸುತ್ತದೆ. ಎರಡನೆಯದು ಮದರಾಸಿನ ಕಡಲತೀರದಲ್ಲಿ ಮರಳನ್ನು ಹಿಡಿದಿಡುವ ಸಸ್ಯಗಳನ್ನು ಕುರಿತದ್ದು. ಗಾಳಿಗೆ ತೂರಿಹೋಗುವ ಮರಳಿನ ಮೇಲೆ ಮೊದಲು ಹಬ್ಬುವ ಹುಲ್ಲು ಮತ್ತು ಬಳ್ಳಿಗಳು ಬೇರಿನ ಜಾಲವನ್ನು ಹೆಣೆಯುತ್ತವೆ. ಮರಳು ನೆಲೆನಿಂತ ಮೇಲಷ್ಟೇ ಪೊದೆಗಳು, ಅನಂತರ ಮರಗಳು ಬೇರೂರಲು ಸಾಧ್ಯ.

ಅರಣ್ಯ ಸಂರಕ್ಷಣಾಧಿಕಾರಿಯಾಗಿ

ಮದರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್ ಅವರು 1856ರ ಡಿಸೆಂಬರಿನಲ್ಲಿ ಕ್ಲೆಗ್‌ಹಾರ್ನ್ ಅವರನ್ನು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿದರು. ಮದರಾಸಿನ ಅರಣ್ಯ ಇಲಾಖೆ ಹುಟ್ಟಿದ್ದು ಹೀಗೆ. ಅಂದಿನ ಮದರಾಸು ಪ್ರಾಂತ್ಯದಲ್ಲಿ ಇಂದಿನ ಕರ್ನಾಟಕದ ದೊಡ್ಡ ಭಾಗವೂ ಸೇರಿತ್ತು. ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡಗಳು ಕೂಡಿದ್ದ ಕೆನರಾ, ಹಾಗೂ ಬಳ್ಳಾರಿ ಜಿಲ್ಲೆ ಅದರ ಆಡಳಿತಕ್ಕೆ ಒಳಪಟ್ಟಿದ್ದವು. ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ವಯನಾಡು ಮಲಬಾರ್ ಜಿಲ್ಲೆಯ ಭಾಗವಾಗಿ ಇದೇ ಪ್ರಾಂತ್ಯದಲ್ಲಿತ್ತು.

ಕ್ಲೆಗ್‌ಹಾರ್ನ್ ಅಧಿಕಾರ ವಹಿಸಿಕೊಂಡ ಕಾಲ ಕಾಡಿನ ಪಾಲಿಗೆ ಕಠಿಣವಾದದ್ದು. ಮದರಾಸಿನ ರೈಲುಮಾರ್ಗ 1856ರಲ್ಲಿ ಸಂಚಾರಕ್ಕೆ ತೆರೆದಿತ್ತು. ಹಳಿಗಳ ಕೆಳಗಿನ ಅಡ್ಡದಿಮ್ಮಿಗಳಿಗೆ, ಎಂಜಿನ್ನಿನ ಸೌದೆಗೆ ಮರದ ಬೇಡಿಕೆ ಏರುತ್ತಿತ್ತು. ಹಡಗುಕಟ್ಟೆಗಳಿಗೆ ತೇಗ ಬೇಕಾಗಿತ್ತು. ನೀಲಗಿರಿ, ವಯನಾಡು, ಕೊಡಗುಗಳಲ್ಲಿ ಕಾಫಿ ತೋಟಗಳಿಗಾಗಿ ಬೆಟ್ಟದ ಕಾಡನ್ನು ಕಡಿಯಲಾಗುತ್ತಿತ್ತು. ಗುತ್ತಿಗೆದಾರರು ಮನಬಂದಂತೆ ಮರ ಉರುಳಿಸಿ ಅರ್ಧವನ್ನು ಕಾಡಿನಲ್ಲಿಯೇ ಕೊಳೆಯಲು ಬಿಡುತ್ತಿದ್ದುದೂ ಉಂಟು.

ಅವರು ಪ್ರಾಂತ್ಯದ ಉದ್ದಗಲ ಸಂಚರಿಸಿ ವರ್ಷವರ್ಷವೂ ವರದಿ ಸಲ್ಲಿಸಿದರು. 1858ರಲ್ಲಿ ಆನೆಮಲೆಯ ಎತ್ತರದ ಶ್ರೇಣಿಗಳಿಗೆ ಕೈಗೊಂಡ ಯಾತ್ರೆಯ ವಿವರವನ್ನು ಪ್ರತ್ಯೇಕವಾಗಿ ಪ್ರಕಟಿಸಿದರು. ನಿಲಂಬೂರಿನಲ್ಲಿ 1840ರ ದಶಕದಲ್ಲಿ ಆರಂಭವಾಗಿದ್ದ ತೇಗದ ನೆಡುತೋಪುಗಳಿಗೆ ಬೆಂಬಲ ನೀಡಿದರು. ಈ ವರದಿಗಳು ಮತ್ತು ಟಿಪ್ಪಣಿಗಳ ಸಂಗ್ರಹವೇ 1861ರಲ್ಲಿ ಬೆಳಕು ಕಂಡ ದಕ್ಷಿಣ ಭಾರತದ ಕಾಡುಗಳು ಮತ್ತು ಉದ್ಯಾನಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥ.

ಬೆಂಗಳೂರಿನ ಲಾಲ್‌ಬಾಗ್‌ನ ಇತಿಹಾಸದಲ್ಲಿಯೂ ಅವರಿಗೆ ಸ್ಥಾನವಿದೆ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾದಾಗ ಅವರು ಮೈಸೂರು ಕಮಿಷನರಿಗೆ ಸಲಹೆಗಾರರಾಗಿದ್ದರು. ತೋಟವನ್ನು ಲಾಭದ ವ್ಯಾಪಾರಕ್ಕೆ ಬಳಸಬಾರದು, ಸ್ಥಳೀಯ ಸಸ್ಯಗಳ ಅಭಿವೃದ್ಧಿ ಹಾಗೂ ಇತರ ಉದ್ಯಾನಗಳೊಂದಿಗೆ ಬೀಜ-ಸಸಿಗಳ ವಿನಿಮಯ ಅದರ ಕೆಲಸವಾಗಬೇಕು ಎಂಬುದು ಅವರ ನಿಲುವಾಗಿತ್ತು. 1858ರಲ್ಲಿ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ವಿಲಿಯಂ ನ್ಯೂ ಅವರು ಅದರ ಮೇಲ್ವಿಚಾರಕರಾಗಿ ಬಂದರು.

ಕುಮರಿ ಬೇಸಾಯ ಮತ್ತು ವಿವಾದ

ಕ್ಲೆಗ್‌ಹಾರ್ನ್ ಅವರ ಬದುಕಿನ ಅತ್ಯಂತ ವಿವಾದಾಸ್ಪದ ಅಧ್ಯಾಯ ಕುಮರಿ ಬೇಸಾಯಕ್ಕೆ ಸಂಬಂಧಿಸಿದ್ದು. ಬೆಟ್ಟದ ಇಳಿಜಾರಿನ ಒಂದು ತುಂಡು ಕಾಡನ್ನು ಕಡಿದು, ಒಣಗಲು ಬಿಟ್ಟು, ಮಳೆಗಾಲಕ್ಕೆ ಮುನ್ನ ಸುಟ್ಟು, ಬೂದಿ ಬೆರೆತ ಮಣ್ಣಿನಲ್ಲಿ ರಾಗಿ ಮತ್ತಿತರ ಧಾನ್ಯಗಳನ್ನು ಬಿತ್ತುವ ಪದ್ಧತಿಗೆ ಕುಮರಿ ಎಂದು ಹೆಸರು. ಒಂದೆರಡು ಬೆಳೆ ತೆಗೆದ ಬಳಿಕ ಆ ಜಾಗವನ್ನು ಹಲವು ವರ್ಷ ಬೀಳುಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಕೆನರಾದಲ್ಲಿ ಕುಣಬಿ, ಮರಾಟಿ, ಮಲೆಕುಡಿಯ ಮೊದಲಾದ ಸಮುದಾಯಗಳ ಜೀವನಾಧಾರ ಇದಾಗಿತ್ತು.

ಕ್ಲೆಗ್‌ಹಾರ್ನ್ ಅವರ ದೃಷ್ಟಿಯಲ್ಲಿ ಕುಮರಿಯು ಬೆಲೆಬಾಳುವ ಮರಗಳನ್ನು ಬೂದಿ ಮಾಡುವ, ಇಳಿಜಾರಿನ ಮೇಲ್ಮಣ್ಣನ್ನು ಮಳೆಗೆ ಒಡ್ಡುವ ಪದ್ಧತಿ. ಅದನ್ನು ತಡೆಯಬೇಕೆಂದು ಅವರು ಪದೇಪದೇ ಒತ್ತಾಯಿಸಿದರು. 1860ರಲ್ಲಿ ಮದರಾಸು ಸರ್ಕಾರವು ಪೂರ್ವಾನುಮತಿ ಇಲ್ಲದೆ ಸರ್ಕಾರಿ ಕಾಡುಗಳಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು.

ಈ ನಿರ್ಧಾರವನ್ನು ಇತಿಹಾಸಕಾರರು ಎರಡು ಬಗೆಯಲ್ಲಿ ಕಂಡಿದ್ದಾರೆ. ವಸಾಹತು ಕಾಲದ ವೈದ್ಯ-ವಿಜ್ಞಾನಿಗಳು ಪರಿಸರ ಕಾಳಜಿಯ ಆರಂಭಿಕ ಪ್ರತಿಪಾದಕರು ಎಂಬುದು ರಿಚರ್ಡ್ ಗ್ರೋವ್ ಅವರಂತಹ ವಿದ್ವಾಂಸರ ವಾದ. ಅರಣ್ಯ ಕಾನೂನುಗಳು ಸರ್ಕಾರದ ಮರಮುಟ್ಟಿನ ಹಿತಕ್ಕಾಗಿ ಜನರ ಹಕ್ಕುಗಳನ್ನು ಕಿತ್ತುಕೊಂಡವು ಎಂಬುದು ರಾಮಚಂದ್ರ ಗುಹಾ, ಮಾಧವ ಗಾಡ್ಗೀಳ್ ಮೊದಲಾದವರ ವಿಶ್ಲೇಷಣೆ. ಮಣ್ಣಿನ ದೃಷ್ಟಿಯಿಂದ ನೋಡಿದರೆ ಪ್ರಶ್ನೆಯ ಉತ್ತರ ಬೀಳುಬಿಡುವ ಅವಧಿಯನ್ನು ಅವಲಂಬಿಸಿದೆ. ದೀರ್ಘಕಾಲ ಬೀಳುಬಿಟ್ಟ ಕುಮರಿ ನೆಲದಲ್ಲಿ ಕಡಿದ ಬೊಡ್ಡೆಗಳು ಚಿಗುರುತ್ತವೆ, ಸುತ್ತಲಿನ ಕಾಡಿನಿಂದ ಬೀಜ ಬಂದು ಬೀಳುತ್ತದೆ, ನಾನಾ ಜಾತಿಯ ಗಿಡಗಳು ಮರಳಿ ನೆಲೆಗೊಳ್ಳುತ್ತವೆ. ಜಾಗದ ಕೊರತೆಯಿಂದ ಅವಧಿ ಕುಗ್ಗಿದಾಗ ಮಣ್ಣು ಚೇತರಿಸಿಕೊಳ್ಳಲಾರದು. ರೈಲು, ಹಡಗು, ಕಾಫಿಗಳು ಕಾಡನ್ನು ಕಬಳಿಸುತ್ತಿದ್ದ ಹೊತ್ತಿನಲ್ಲಿ ನಿಷೇಧದ ಭಾರ ಬಿದ್ದದ್ದು ಮಾತ್ರ ಅತ್ಯಂತ ಬಡವರಾದ ಬೇಸಾಯಗಾರರ ಮೇಲೆ.

ಪಂಜಾಬ್ ಮತ್ತು ಹಿಮಾಲಯ

1861ರಲ್ಲಿ ಕ್ಲೆಗ್‌ಹಾರ್ನ್ ಅವರ ವಿವಾಹ ಮೇಬಲ್ ಕೋವನ್ ಅವರೊಂದಿಗೆ ನಡೆಯಿತು. ಅದೇ ಅವಧಿಯಲ್ಲಿ ಭಾರತ ಸರ್ಕಾರವು ಅವರನ್ನು ಪಂಜಾಬಿನ ಕಾಡುಗಳ ಪರಿಶೀಲನೆಗೆ ಕಳುಹಿಸಿತು. ಪಶ್ಚಿಮ ಹಿಮಾಲಯದ ನದಿ ಕಣಿವೆಗಳಲ್ಲಿ ದೇವದಾರು ಮರಗಳನ್ನು ಕಡಿದು ನೀರಿನಲ್ಲಿ ತೇಲಿಬಿಡುವ ವ್ಯಾಪಾರ ಜೋರಾಗಿತ್ತು. ನದಿಗೆ ಹತ್ತಿರದ ಇಳಿಜಾರುಗಳೇ ಮೊದಲು ಬೋಳಾಗುತ್ತಿದ್ದವು. ಅವರ ವರದಿ 1864ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬ್ರಾಂಡಿಸ್ ಅವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಬ್ರಾಂಡಿಸ್ ರಜೆಯಲ್ಲಿದ್ದಾಗ 1867ರಲ್ಲಿ ಕ್ಲೆಗ್‌ಹಾರ್ನ್ ಅವರು ಆ ಹುದ್ದೆಯನ್ನು ತಾತ್ಕಾಲಿಕವಾಗಿ ನಿರ್ವಹಿಸಿದರು.

ಕೊನೆಯ ವರ್ಷಗಳು

1860ರ ದಶಕದ ಕೊನೆಗೆ ಭಾರತವನ್ನು ಬಿಟ್ಟ ಕ್ಲೆಗ್‌ಹಾರ್ನ್ ಸ್ಟ್ರಾವಿಥಿಯಲ್ಲಿ ನೆಲೆಸಿದರು. ಊರಿಗೆ ಮರಳುವ ದಾರಿಯಲ್ಲಿ ಕಂಡ ಮಾಲ್ಟಾ ಮತ್ತು ಸಿಸಿಲಿ ದ್ವೀಪಗಳ ಸಸ್ಯ ಹಾಗೂ ಬೇಸಾಯವನ್ನು ಕುರಿತು ಲೇಖನ ಬರೆದರು. ಎಡಿನ್‌ಬರೋದ ಸಸ್ಯಶಾಸ್ತ್ರ ಸಂಘ ಮತ್ತು ಸ್ಕಾಟ್ಲೆಂಡಿನ ವೃಕ್ಷಕೃಷಿ ಸಂಘಗಳ ಅಧ್ಯಕ್ಷರಾಗಿದ್ದರು. ಭಾರತದ ಅರಣ್ಯ ಸೇವೆಗೆ ಬರುವ ಯುವಕರ ಆಯ್ಕೆಯಲ್ಲಿ ನೆರವಾದರು. 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನಕ್ಕೂ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಬೋಧನೆ ಆರಂಭವಾಗುವುದಕ್ಕೂ ಶ್ರಮಿಸಿದರು. 1895ರ ಮೇ 16ರಂದು ಸ್ಟ್ರಾವಿಥಿಯಲ್ಲಿ ನಿಧನರಾದರು. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರು ಕಣಗಿಲೆಯ ಕುಟುಂಬಕ್ಕೆ ಸೇರಿದ ಒಂದು ಸಸ್ಯಕುಲಕ್ಕೆ ಕ್ಲೆಗ್‌ಹಾರ್ನಿಯ ಎಂಬ ಹೆಸರಿಟ್ಟಿದ್ದಾರೆ.

ಇಳಿಜಾರಿನ ಮಣ್ಣು ಮತ್ತು ಸಸ್ಯವೈವಿಧ್ಯ

ಕ್ಲೆಗ್‌ಹಾರ್ನ್ ಅವರ ಕಾಲದಲ್ಲಿ ಸಸ್ಯವೈವಿಧ್ಯ ಎಂಬ ಪರಿಭಾಷೆ ಇರಲಿಲ್ಲ. ಸಸ್ಯದ ಹೊದಿಕೆ ಮಣ್ಣನ್ನು ಕಾಯುತ್ತದೆ ಎಂಬುದು ಅವರ ವರದಿಗಳ ತಿರುಳು. ಆ ಹೊದಿಕೆಯಲ್ಲಿ ಹಲವು ಬಗೆಯ ಸಸ್ಯಗಳು ಏಕೆ ಬೇಕು ಎಂಬುದನ್ನು ಮುಂದಿನ ವಿಜ್ಞಾನ ವಿವರಿಸಿತು.

ಮಿಶ್ರ ಕಾಡಿನಲ್ಲಿ ಮಳೆಹನಿಯ ಹೊಡೆತವನ್ನು ಎತ್ತರದ ಮರ, ನಡುವಿನ ಪೊದೆ, ಕೆಳಗಿನ ಹುಲ್ಲು ಹಂತಹಂತವಾಗಿ ತಗ್ಗಿಸುತ್ತವೆ. ನೆಲದ ತರಗೆಲೆ ನೀರನ್ನು ಹೀರಿಕೊಂಡು ನಿಧಾನವಾಗಿ ಕೆಳಗಿಳಿಸುತ್ತದೆ. ಮಣ್ಣಿನ ಒಳಗೂ ಇದೇ ಬಗೆಯ ಕೆಲಸ ಹಂಚಿಕೆ ಇದೆ. ಮರಗಳ ತಾಯಿಬೇರು ಆಳಕ್ಕೆ ಇಳಿದು ಮೊಳೆಯಂತೆ ಹಿಡಿಯುತ್ತದೆ. ಹುಲ್ಲಿನ ನಾರುಬೇರು ಮೇಲ್ಮಣ್ಣನ್ನು ಬಲೆಯಂತೆ ಬಿಗಿಯುತ್ತದೆ. ದ್ವಿದಳ ಜಾತಿಯ ಗಿಡಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಬೇರುಗಳೊಂದಿಗೆ ಬದುಕುವ ಶಿಲೀಂಧ್ರಗಳ ಎಳೆಗಳು ಮಣ್ಣಿನ ಕಣಗಳನ್ನು ಹರಳುಗಳಾಗಿ ಕಟ್ಟಿ ಗಾಳಿ-ನೀರಿಗೆ ದಾರಿ ಮಾಡಿಕೊಡುತ್ತವೆ. ಬಗೆಬಗೆಯ ಎಲೆಗಳು ಬೇರೆಬೇರೆ ವೇಗದಲ್ಲಿ ಕೊಳೆಯುವುದರಿಂದ ವರ್ಷವಿಡೀ ಮಣ್ಣಿನ ಜೀವಿಗಳಿಗೆ ಆಹಾರ ಸಿಗುತ್ತದೆ. ಒಂದೇ ಜಾತಿಯ ನೆಡುತೋಪಿನಲ್ಲಿ ಈ ಹಂಚಿಕೆ ಮುರಿಯುತ್ತದೆ. ಉದಾಹರಣೆಗೆ, ಕೆಳಪೊದೆ ಇಲ್ಲದ ತೇಗದ ತೋಪಿನಲ್ಲಿ ಅಗಲವಾದ ಎಲೆಗಳ ಮೇಲೆ ಕೂಡಿದ ನೀರು ದಪ್ಪ ಹನಿಗಳಾಗಿ ಬರಿನೆಲಕ್ಕೆ ಬಿದ್ದು ಮಣ್ಣನ್ನು ಎಬ್ಬಿಸುತ್ತದೆ.

ಗುಡ್ಡ ಕುಸಿದ ಜಾಗದಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕುಸಿತದಲ್ಲಿ ಮೇಲ್ಮಣ್ಣು, ಬೀಜ, ಶಿಲೀಂಧ್ರ ಎಲ್ಲವೂ ಕೊಚ್ಚಿಹೋಗಿ ಗೊಬ್ಬರದ ಅಂಶವಿಲ್ಲದ ಅಡಿಮಣ್ಣು ಹೊರಬೀಳುತ್ತದೆ. ಅಲ್ಲಿ ಹುಲ್ಲು ಮತ್ತು ಬಳ್ಳಿ ಮೊದಲು, ಪೊದೆ ಅನಂತರ, ಮರ ಕೊನೆಗೆ ಬರುವುದು ಪ್ರಕೃತಿಯ ಕ್ರಮ. ಕಡಲತೀರದ ಮರಳಿನಲ್ಲಿ ಸಸ್ಯಗಳು ನೆಲೆಯೂರುವ ಕ್ರಮವೂ ಇದೇ. ಈ ಕ್ರಮವನ್ನು ಬಿಟ್ಟು ಬೇಗ ಬೆಳೆಯುವ ಒಂದೇ ಜಾತಿಯ ಮರವನ್ನು ನೆಟ್ಟರೆ ದೂರದಿಂದ ಹಸಿರು ಕಂಡರೂ ಮಣ್ಣು ಮರುಹುಟ್ಟು ಪಡೆಯುವುದಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಮತ್ತು ಅದೇ ತಿಂಗಳ ಕೊನೆಗೆ ವಯನಾಡಿನ ಮುಂಡಕ್ಕೈ-ಚೂರಲ್‌ಮಲದಲ್ಲಿ ಸಂಭವಿಸಿದ ಭೂಕುಸಿತಗಳು ಈ ಚರ್ಚೆಗೆ ಮತ್ತೆ ಜೀವ ತಂದವು. ಆದರೆ ಮರವಿದ್ದ ಮಾತ್ರಕ್ಕೆ ಗುಡ್ಡ ಕುಸಿಯುವುದಿಲ್ಲ ಎನ್ನಲಾಗದು. ಬೇರು ಮುಟ್ಟದ ಆಳದಲ್ಲಿ ಪದರ ಜಾರಿದರೆ, ರಸ್ತೆ ಅಥವಾ ಕಟ್ಟಡಕ್ಕಾಗಿ ಗುಡ್ಡದ ಬುಡವನ್ನು ನೇರವಾಗಿ ಕತ್ತರಿಸಿದ್ದರೆ, ಕೆಲವೇ ದಿನಗಳಲ್ಲಿ ವಿಪರೀತ ಮಳೆ ಸುರಿದರೆ ಕಾಡೂ ಜಾರುತ್ತದೆ. ಸಸ್ಯವೈವಿಧ್ಯವು ಮೇಲ್ಪದರದ ಕುಸಿತ ಮತ್ತು ಸವಕಳಿಯನ್ನು ತಗ್ಗಿಸುತ್ತದೆ, ಕುಸಿದ ನೆಲದ ಚೇತರಿಕೆಗೆ ದಾರಿ ಮಾಡುತ್ತದೆ. ಅದರ ನಿಜವಾದ ಶಕ್ತಿಯೂ ಮಿತಿಯೂ ಇಷ್ಟು.

ಬಳ್ಳಾರಿ ಸೀಮೆಯ ಸಂದರ್ಭ

ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಪ್ರದೇಶಗಳು ಕ್ಲೆಗ್‌ಹಾರ್ನ್ ಅವರ ಕಾಲದಲ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮಲೆನಾಡಿನ ಮಳೆ ಇಲ್ಲಿಲ್ಲ. ಆದರೆ ಬರುವ ಅಲ್ಪ ಮಳೆಯೇ ಕೆಲವು ಬಿರುಸಿನ ಸುರಿತಗಳಲ್ಲಿ ಮುಗಿದುಹೋಗುವುದರಿಂದ ಬೋಳುಗುಡ್ಡಗಳ ಮಣ್ಣು ಕೊರಕಲುಗಳ ಮೂಲಕ ಕೆರೆಗಳನ್ನು ಸೇರುತ್ತದೆ. ಕೆರೆಯ ಹೂಳು ಈ ಸೀಮೆಯ ರೈತರ ಹಳೆಯ ಸಂಕಟ. ತುಂಗಭದ್ರಾ ಜಲಾಶಯದ ಆರಂಭದ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ ಇದ್ದದ್ದು ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿರುವುದು ಮೇಲಿನ ಇಳಿಜಾರುಗಳಿಂದ ಎಷ್ಟು ಮಣ್ಣು ಇಳಿದುಬಂದಿದೆ ಎಂಬುದಕ್ಕೆ ಸಾಕ್ಷಿ.

ಕ್ಲೆಗ್‌ಹಾರ್ನ್ ಅವರ ಸಹಾಯಕರಾಗಿದ್ದು ಮುಂದೆ ಅವರ ಉತ್ತರಾಧಿಕಾರಿಯಾದ ರಿಚರ್ಡ್ ಬೆಡ್ಡೋಮ್ ಅವರು 1870ರ ದಶಕದಲ್ಲಿ ಒಣಸೀಮೆಗೆಂದು ಅಮೆರಿಕ ಖಂಡದ ಒಂದು ಜಾಲಿಯ ಬೀಜ ತರಿಸಲು ಕ್ರಮ ಕೈಗೊಂಡರು. ಕನ್ನಡಿಗರು ಅದನ್ನು ಬಳ್ಳಾರಿ ಜಾಲಿ ಎಂದು ಕರೆಯುತ್ತಾರೆ. ಅದು ಸೌದೆ ಕೊಟ್ಟಿತು, ಬರಿನೆಲಕ್ಕೆ ಹೊದಿಕೆಯಾಯಿತು. ಆದರೆ ತನ್ನ ಕೆಳಗೆ ಬೇರೆ ಗಿಡಗಳನ್ನು ಬೆಳೆಯಗೊಡದೆ ಕೆರೆಯಂಗಳ, ಗೋಮಾಳಗಳನ್ನು ಆಕ್ರಮಿಸಿತು. ಮಣ್ಣು ಹಿಡಿಯುವ ಒಂದೇ ಗಿಡವನ್ನು ನಂಬಿದರೆ ಆಗುವುದೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಈ ಸೀಮೆಯವರಿಗೆ ಬೇಕಿಲ್ಲ. ತಂಗಡಿ, ಬಂದರಿಕೆ, ಕಾರೆ, ಲಕ್ಕಿಯ ಪೊದೆಗಳೂ ಬೇವು, ಹೊಂಗೆ, ಕಮರದ ಮರಗಳೂ ನಾನಾ ಬಗೆಯ ಹುಲ್ಲುಗಳೂ ಕೂಡಿದ ಕುರುಚಲು ಕಾಡೇ ಇಲ್ಲಿನ ಗುಡ್ಡಗಳ ಸಹಜ ಹೊದಿಕೆ.

ನೆರೆಯ ಸಂಡೂರಿನ ಗುಡ್ಡಗಳಲ್ಲಿ ಅದಿರು ಗಣಿಗಾರಿಕೆಯಿಂದ ಆದ ಹಾನಿ ಮನುಷ್ಯನೇ ತಂದುಕೊಂಡ ವಿಪತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿ, ಪ್ರತಿ ಗಣಿಗೂ ಪುನಶ್ಚೇತನ ಯೋಜನೆಯನ್ನು ಕಡ್ಡಾಯಗೊಳಿಸಿತು. ಗಣಿಮಣ್ಣಿನ ರಾಶಿಗಳನ್ನು ಮೆಟ್ಟಿಲುಗಳಾಗಿ ಕತ್ತರಿಸುವುದು, ತಡೆಗೋಡೆ ಕಟ್ಟುವುದು, ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ಮತ್ತು ಗಿಡ ಬೆಳೆಸುವುದು ಇಂತಹ ಇಳಿಜಾರುಗಳಲ್ಲಿ ಅನುಸರಿಸುವ ಕ್ರಮಗಳು. 1954ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರವು ಒಣಸೀಮೆಯ ಕಪ್ಪು ಮಣ್ಣಿನ ರಕ್ಷಣೆಯ ಬಗ್ಗೆ ಅಧ್ಯಯನ ನಡೆಸುತ್ತಾ ಬಂದಿದೆ.

ಮೌಲ್ಯಮಾಪನ

ಕ್ಲೆಗ್‌ಹಾರ್ನ್ ಅವರ ಸಾಧನೆಯನ್ನು ಅಳೆಯುವಾಗ ಅವರಲ್ಲಿದ್ದ ಇಬ್ಬರನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಒಬ್ಬರು ಸಸ್ಯವಿಜ್ಞಾನಿ: ಬೇಲಿಯ ಬಳ್ಳಿಯನ್ನೂ ಮರಳಿನ ಹುಲ್ಲನ್ನೂ ಆನೆಮಲೆಯ ಹೆಮ್ಮರವನ್ನೂ ಒಂದೇ ಗೌರವದಿಂದ ಗುರುತಿಸಿದವರು, ಒಂದೊಂದು ನೆಲಕ್ಕೂ ಅದರದೇ ಆದ ಗಿಡವಿದೆ ಎಂದು ತಿಳಿದವರು. ಇನ್ನೊಬ್ಬರು ಅಧಿಕಾರಿ: ತೇಗ ಎಷ್ಟು, ದಿಮ್ಮಿ ಎಷ್ಟು ಎಂದು ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕಾದವರು. ಅವರ ಬಳಿಕ ಬೆಳೆದ ಇಲಾಖೆಯು ಅಧಿಕಾರಿಯ ದಾರಿಯನ್ನು ಹಿಡಿಯಿತು. 1882ರ ಮದರಾಸು ಅರಣ್ಯ ಕಾಯ್ದೆಯಡಿ ಕಾಡುಗಳು ಮೀಸಲಾದವು, ತೇಗ ಮತ್ತು ನೀಲಗಿರಿ ಮರಗಳ ತೋಪುಗಳು ಹರಡಿದವು.

ಇತ್ತ ಜನಸಾಮಾನ್ಯರಲ್ಲಿಯೂ ಮಣ್ಣಿನ ಜ್ಞಾನ ಇರಲಿಲ್ಲವೆಂದಲ್ಲ. ಉತ್ತರ ಕನ್ನಡದ ಅಡಿಕೆ ಬೆಳೆಗಾರರ ಸೊಪ್ಪಿನ ಬೆಟ್ಟ, 1868ರಲ್ಲಿ ಬ್ರಾಂಡಿಸ್ ಅವರ ವರದಿಯಲ್ಲಿಯೂ ಕಾಣಿಸಿಕೊಂಡ ಸೊರಬದ ಕಾನುಗಳು, ಊರೂರಿನ ದೇವರಕಾಡುಗಳು ಬಹುಜಾತಿಯ ಕಾಡಿನ ಬೆಲೆಯನ್ನು ಅರಿತ ಏರ್ಪಾಡುಗಳೇ ಆಗಿದ್ದವು. ಕಾನೂನು ರೂಪಿಸಿದವರು ಈ ಅರಿವನ್ನು ಜೊತೆಗೂಡಿಸಿಕೊಳ್ಳಲಿಲ್ಲ.

ಎಡಿನ್‌ಬರೋದ ಸಂಗ್ರಹವನ್ನು ಅಧ್ಯಯನ ಮಾಡಿದ ಸಸ್ಯವಿಜ್ಞಾನಿ ಹೆನ್ರಿ ನೋಲ್ಟಿ ಅವರು 2016ರಲ್ಲಿ ಕ್ಲೆಗ್‌ಹಾರ್ನ್ ಅವರ ಜೀವನಚರಿತ್ರೆಯನ್ನೂ ಚಿತ್ರಗಳ ಸಂಪುಟವನ್ನೂ ಪ್ರಕಟಿಸಿದ್ದಾರೆ. ಶಿವಮೊಗ್ಗದ ಸುತ್ತಮುತ್ತ 1840ರ ದಶಕದಲ್ಲಿ ಬೆಳೆಯುತ್ತಿದ್ದ ಗಿಡಗಳ ಚಿತ್ರದಾಖಲೆಯಾಗಿ ಆ ಸಂಗ್ರಹವು ಕರ್ನಾಟಕದ ಸಸ್ಯಸಂಪತ್ತಿನ ಅಧ್ಯಯನಕ್ಕೆ ಬೆಲೆಯುಳ್ಳ ಆಕರವಾಗಿದೆ.